ಗುಂಡುಕಲ್ಲು ಕಟ್ಟಿಕೊಂಡ ಸೈಕಲ್ಲು

ಹೊಳೆನರಸೀಪುರ
೧೭ ನವೆಂಬರ್ ೨೦೨೫

ಪ್ರೀತಿಯ ಯಜಮಾನರಿಗೆ ಕನಕಲಕ್ಷ್ಮಿಯ ನಮಸ್ಕಾರಗಳು.

ಭಾವನವರ ಮಂಡಿ ಹೇಗಿದೆ? ಆಪರೇಷನ್ ಆದ ಕಾಲನ್ನು ಮಡಚಿಯೇ ಸಂಧ್ಯಾವಂದನೆಗೆ ಕೂರುವ ಹಟ ಬಿಟ್ಟರೋ ಇಲ್ಲವೋ? ಕುರ್ಚಿಯಲ್ಲಿ ಕೂತು ಮಾಡಿದರೆ ಸೂರ್ಯನಾರಾಯಣನೇನೂ ಬೇಸರ ಮಾಡಿಕೊಳ್ಳುವುದಿಲ್ಲ, ನಾನು ಹೇಳಿದೆನೆಂದು ಹೇಳಿ. ಅವರನ್ನು ನೋಡಿಕೊಳ್ಳುವ ಭರದಲ್ಲಿ ನಿಮ್ಮ ಬಿಪಿ ಮಾತ್ರೆ ಮರೆಯಬೇಡಿ. ಫೋನಿರುವಾಗ ಕಾಗದ ಯಾಕೆ ಎಂದು ನಗುತ್ತೀರಿ. ಫೋನಿನಲ್ಲಾದರೆ ನಾನು ಅರ್ಧ ಹೇಳುವಷ್ಟರಲ್ಲಿ ನೀವು ಬಾಯಿ ಹಾಕುತ್ತೀರಿ, ಅದಕ್ಕೆ.

ನಿನ್ನೆ ಸೈಕಲ್ಲಿನಲ್ಲಿ ಹೋಗಿಬಂದೆವು. ನಮ್ಮ ಸ್ಕೂಲಿನ ಪಿ.ಟಿ. ಮೇಡಂ ಧನ್ಯಾ, ಅವಳ ಅಕ್ಕ ಅನ್ವಿತಾ, ನಾನು. ನಿಮ್ಮ ಷರತ್ತು ನೆನಪಿತ್ತು. ರುದ್ರಪಟ್ಟಣಕ್ಕೆ ಹೋಗಿ ಅರಕಲಗೂಡಿನ ಮೇಲೆ ವಾಪಸ್ಸು ಬರಬೇಕು, ಯಾವ ಏರಿನಲ್ಲೂ ಇಳಿದು ತಳ್ಳಬಾರದು. ಹಾಗೆ ಬಂದರೆ ಮಾತ್ರ ಡಿಸೆಂಬರಿನಲ್ಲಿ ಅವರ ಜೊತೆ ಗೋಕರ್ಣದವರೆಗೆ ಸೈಕಲ್ ಪ್ರವಾಸ. ಐವತ್ತಾರರ ಹೆಂಗಸಿಗೆ ಆಗದ ಮಾತೆಂದುಕೊಂಡೇ ಷರತ್ತು ಹಾಕಿದಿರಿ, ಗೊತ್ತು ಬಿಡಿ. ನನಗೋ, ಒಂದು ಸಲವಾದರೂ ಅಷ್ಟು ದೂರ ನನ್ನ ಕಾಲಿನ ಬಲದಿಂದಲೇ ಹೋಗಬೇಕೆಂಬ ಆಸೆ. ಆ ಆಸೆಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಮೂವರೇ ಹೊರಡಬಾರದಲ್ಲ, ನಾಲ್ಕನೆಯವರಾಗಿ ಒಂದು ಕಲ್ಲು ಬೇಕಿತ್ತು. ಬೀದಿ ಕಲ್ಲು ಕೂಡದು, ಮನೆಯದ್ದೇ ಆಗಬೇಕು ಎಂದು ಅತ್ತೆಯವರ ಕಟ್ಟಪ್ಪಣೆ. ಕಾರಿನಲ್ಲಿ ಹೋಗುವಾಗ ಇಡುತ್ತಿದ್ದ ಹಾಗೆಯೇ ಚಟ್ನಿ ಅರೆಯುವ ಗುಂಡುಕಲ್ಲನ್ನು ಟವೆಲಿನಲ್ಲಿ ಸುತ್ತಿ ಕ್ಯಾರಿಯರಿಗೆ ಕಟ್ಟಿದೆ. ಸೀಟಿನಡಿ ಮಲಗಿ ಬರುವ ಕಲ್ಲಿಗೂ ಸೈಕಲ್ಲೇರಿದ ಕಲ್ಲಿಗೂ ಇರುವ ವ್ಯತ್ಯಾಸ ಆಮೇಲೆ ತಿಳಿಯಿತು.

ಹಳೇಕೋಟೆ ಕಡೆಯ ಒಳದಾರಿಯಲ್ಲಿ ಮಂಜು ಇನ್ನೂ ಬಿಟ್ಟಿರಲಿಲ್ಲ. ಎರಡೂ ಕಡೆ ಕೊಯ್ಲಿಗೆ ಬಂದ ರಾಗಿ, ಅವರೆ ಹೂವಿನ ವಾಸನೆ. ಇಳಿಜಾರಿನಲ್ಲಿ ಬ್ರೇಕ್ ಬಿಟ್ಟೆ ರೀ, ಬೈಯಬೇಡಿ. ರುದ್ರಪಟ್ಟಣದಲ್ಲಿ ಹೊಳೆಗೆ ಕಾಲು ಇಳಿಬಿಟ್ಟುಕೊಂಡು ಮೊಸರನ್ನ ತಿಂದೆವು. ಯಾರದೋ ಮನೆಯಲ್ಲಿ ಪಿಟೀಲಿನ ಅಭ್ಯಾಸ ನಡೆದಿತ್ತು, ಒಂದೇ ಸಾಲು ಮತ್ತೆ ಮತ್ತೆ. "ಇವ್ರೂ ನಮ್ಮಂಗೇ ದಿಬ್ಬ ಅತ್ತತಾವ್ರೆ ಕಣ್ ಮೇಡಂ" ಎಂದಳು ಧನ್ಯಾ.

ಅರಕಲಗೂಡು ಇನ್ನೂ ದೂರವಿರುವಾಗ ನಿಜವಾದ ದಿಬ್ಬ ಬಂತು. ಕೊನೆಯ ಗೇರಿಗೂ ಜಗ್ಗಲಿಲ್ಲ. ಹಿಂದಿನಿಂದ ಯಾರೋ ಹಿಡಿದೆಳೆದ ಹಾಗಾಗಿ ಹ್ಯಾಂಡಲ್ ಓಲಾಡಿತು. ಇಳಿದೆ. ಅರ್ಧ ದಾರಿಯಲ್ಲಿ ನಿಂತು ಅತ್ತುಬಿಟ್ಟೆ. ಅಲ್ಲೇ ಹಸು ಮೇಯಿಸುತ್ತಿದ್ದ ನಂಜಮ್ಮ ಎಂಬ ಅಜ್ಜಿ ಟವೆಲಿನ ಗಂಟು ಮುಟ್ಟಿ ನೋಡಿ, "ಅಯ್ಯೋ, ಗುಂಡ್‌ಕಲ್ ಒತ್ಕಂಡು ಬಂದಿದ್ದೀಯಲ್ಲವ್ವಾ! ಒಂದ್ ಬೆಣಚ್‌ಕಲ್ ಮಡಿಕಂಡಿದ್ರೆ ಸಾಕಿತ್ತು ಕಣವ್ವಾ" ಎಂದು ಬಿದ್ದು ಬಿದ್ದು ನಕ್ಕಳು. ನನಗೂ ಅಳುವಿನ ನಡುವೆ ನಗು ಬಂತು. ಧನ್ಯಾ, "ಕಲ್ ಬಿಚ್ಚಾಕಿ ಕೆಳಗಿಂದ ಇನ್ನೊಂದ್ಸಲ ದಿಬ್ಬ ಅತ್ತಿ ಮೇಡಂ, ಇಳಿದಿದ್ದು ಸಾರ್‌ಗೆ ಏನ್ ಗೊತ್ತಾದದು?" ಎಂದಳು. ನಿಮಗೆ ಸುಳ್ಳು ಹೇಳಿ ಸಮುದ್ರ ನೋಡುವುದು ಬೇಡವೆನಿಸಿತು. ಕಲ್ಲಿನ ಸಮೇತ ನೆತ್ತಿಯವರೆಗೂ ತಳ್ಳಿಕೊಂಡೇ ಹೋದೆ. ಅಲ್ಲಿ ನಿಂತು ಹಿಂದಿರುಗಿ ನೋಡಿದಾಗ ಬಂದ ದಾರಿಯೆಲ್ಲ ಕಾಣುತ್ತಿತ್ತು, ಬಹಳ ಸಂತೋಷವಾಯಿತು. ಅಲ್ಲಿಂದ ಮತ್ತೆ ಸೈಕಲ್ ಹತ್ತಿ, ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆ.

ಭಾವನವರಿಗೂ ಅಕ್ಕನಿಗೂ ನನ್ನ ನಮಸ್ಕಾರ ತಿಳಿಸಿ. ಕಾಲು ನೋವಿದೆ, ಎಣ್ಣೆ ಹಚ್ಚಿಕೊಂಡಿದ್ದೇನೆ, ಗಾಬರಿ ಬೇಡ.

ನಿಮ್ಮ
ಕನಕ

ತಾ.ಕ.: ಸ್ಕೂಲಿಗೆ ಹೊತ್ತಾಯಿತು, ಆದರೂ ಇದನ್ನು ಬರೆಯಲೇಬೇಕು. ನಿಮ್ಮ ಷರತ್ತಿನಲ್ಲಿ ನಾನು ಸೋತೆ. ಗೋಕರ್ಣಕ್ಕಂತೂ ಹೋಗಿಯೇ ಹೋಗುತ್ತೇನೆ, ಧನ್ಯಾಳಿಗೆ ಹೆಸರು ಕೊಟ್ಟಾಯಿತು. ಒಪ್ಪಿಗೆ ಕೇಳುತ್ತಿಲ್ಲ ರೀ. ಹೊರಡುವ ಬೆಳಿಗ್ಗೆ ನೀವು ಬಾಗಿಲಲ್ಲಿ ನಿಂತು ಕಳಿಸಿಕೊಡಬೇಕು, ಅಷ್ಟೇ.