ದೃಷ್ಟಿಬೊಂಬೆಯ ಕೊಕ್ಕೆ

ಓಲ್ಡ್ ಟೌನ್, ಭದ್ರಾವತಿ
ಸೋಮವಾರ

ಮನೆ ಮಾಲೀಕರೂ ಸಕಲ ಗೋಡೆಗಳ ಪರಮಾಧಿಪತಿಗಳೂ ಆದ ಷಡಕ್ಷರಪ್ಪ ಅಂಕಲ್ ಅವರ ಸನ್ನಿಧಾನಕ್ಕೆ,

ಕೆಳಮನೆ ಬಾಡಿಗೆದಾರರ ಮಗ ಪ್ರಣವನ ಸಾಷ್ಟಾಂಗ ನಮಸ್ಕಾರ.

ನಮ್ಮ ಕೋಣೆಯ ಗೋಡೆ ಒದ್ದೆಯಾದಾಗ ತಾವು, "ನಿಮ್ಮಮ್ಮ ದಿನವಿಡೀ ಕುಕ್ಕರ್ ಕೂಗಿಸ್ತಾರಲ್ಲ, ಅದರ ಹಬೆ ಮಾರಾಯ" ಎಂದು ಅಪ್ಪಣೆ ಕೊಡಿಸಿದಿರಿ. ನಿನ್ನೆ ತಾವು ಶಿವಮೊಗ್ಗಕ್ಕೆ ಮದುವೆಗೆ ಹೋಗಿದ್ದಾಗ ನಾನೊಂದು ಮಹಾಭಿಷೇಕ ನೆರವೇರಿಸಿದೆ. ತಾವು ಹೊರಗೋಡೆಗೆ ಅಂಟಿಸಿರುವ ಕಲ್ಲಿನ ಟೈಲ್ಸ್‌ಗೆ ಪೈಪು ಹಿಡಿದು, ಕೆಳಗಿನಿಂದ ಒಂದೊಂದೇ ಸಾಲಿಗೆ ನೀರು ಬಿಡುತ್ತಾ ಮೇಲೇರಿದೆ. ಒಳಗೆ ಗೋಡೆ ಕಾಯುತ್ತಿದ್ದ ತಂಗಿ ಸ್ಫೂರ್ತಿ ಪ್ರತಿ ಸಾಲಿಗೂ "ಇಲ್ಲ, ಇನ್ನೂ ಇಲ್ಲ" ಎನ್ನುತ್ತಿದ್ದಳು. ನೀರು ದೃಷ್ಟಿಬೊಂಬೆಯನ್ನು ಮುಟ್ಟಿದ ಹತ್ತು ನಿಮಿಷಕ್ಕೆ, "ಬಂತು ಕಣೋ, ಸೋರ್ತಿದೆ!" ಎಂದು ಕಿರುಚಿದಳು. ಬೊಂಬೆ ನೇತುಹಾಕಲು ತಾವು ಟೈಲ್ಸ್ ಸಂದಿಯಲ್ಲೇ ತೂತು ಕೊರೆಸಿ ಕೊಕ್ಕೆ ಹಾಕಿಸಿದ್ದೀರಿ. ಊರಿನವರ ಕಣ್ಣಿಗೆ ತಡೆ, ಮಳೆನೀರಿಗೆ ಸ್ವಾಗತ.

ತಮಾಷೆ ಇಲ್ಲಿಗೆ ಸಾಕು. ತಮ್ಮ ಮಾತು ನಂಬಿ ಅಮ್ಮ ಮಳೆಗಾಲ ಪೂರ್ತಿ ಹಿತ್ತಿಲ ತಗಡಿನ ಕೆಳಗೆ ಸ್ಟೌ ಇಟ್ಟುಕೊಂಡು ಅಡುಗೆ ಮಾಡಿದ್ದಾಳೆ. ಗೋಡೆ ಕೆಡಿಸಿದವಳು ತಾನೇ ಅಂದುಕೊಂಡು ವಾರವಾರವೂ ಬೂಷ್ಟು ಉಜ್ಜಿದ್ದಾಳೆ.

ಸಡಿಲವಾದ ಟೈಲ್ಸ್ ಕಿತ್ತು, ಗೋಡೆ ಒಣಗಿದ ಮೇಲೆ ತೂತು ಮುಚ್ಚಿಸಿ ಮತ್ತೆ ಅಂಟಿಸಬೇಕು. ಅದಕ್ಕೆ ಮೇಸ್ತ್ರಿ ನಾಲ್ಕು ದಿನ ತಡವಾಗಿ ಬಂದರೂ ಸರಿ. ತಾವು ಮಾತ್ರ ಇವತ್ತೇ ಬನ್ನಿ. ಹಿತ್ತಿಲಿಗೆ ಬಂದು ಅಮ್ಮನಿಗೆ, "ಶಾಮಲಮ್ಮ, ತಪ್ಪು ನಿಮ್ಮದಲ್ಲ" ಅನ್ನಿ. ಅಮ್ಮ ಸ್ಟೌ ಒಳಗೆ ತರುವವರೆಗೂ ನಾನು ತಮ್ಮ ಪಕ್ಕದಲ್ಲೇ ನಿಂತಿರುತ್ತೇನೆ.

ಇನ್ನು ವಿಧೇಯನಲ್ಲದ,
ಪ್ರಣವ