ಆರಿಹೋದ ಗಂಜಿ

ತಮ್ಮಾ,

ನೀನು ಏಳೋ ಹೊತ್ತಿಗೆ ನಾನು ಲಾಂಡ್ರಿ ಕೆಲಸಕ್ಕೆ ಹೋಗಿರ್ತೀನಿ. ಗಂಜಿ ಒಲೆ ಮೇಲಿದೆ, ಬಿಸಿ ಮಾಡ್ಕೊಂಡು ಕುಡಿ. ಗಂಟಲಿನ ಬ್ಯಾಂಡೇಜು ನೀನೇ ಬಿಚ್ಚಬೇಡ, ನರ್ಸಮ್ಮ ಹತ್ತು ಗಂಟೆಗೆ ಬರ್ತಾರೆ. ಮೊನ್ನೆ ಥರ "ಏನೂ ನೋವಿಲ್ಲ" ಅಂತ ಅವರಿಗೆ ಸುಳ್ಳು ಬರೆದು ತೋರಿಸಿದ್ಯೋ, ನೋಡು ಮತ್ತೆ!

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ರೇಗಿದ್ದು ನನ್ನದೇ ತಪ್ಪು. ಆಪರೇಷನ್‌ನಲ್ಲಿ ದನಿ ಹೋದ್ರೂ ನೀನು ಊಟದ ಪ್ರಾರ್ಥನೆ ಬಿಡಲಿಲ್ಲ. ಸ್ಲೇಟಿನ ಮೇಲೆ ಉದ್ದಕ್ಕೆ ಬರೀತಾ ಕೂರ್ತೀಯ, ಅಷ್ಟರಲ್ಲಿ ಗಂಜಿ ಆರಿಹೋಗುತ್ತೆ. "ಹಾಡೋ ಗಂಟಲನ್ನೇ ಕಿತ್ಕೊಂಡವನಿಗೆ ಇನ್ನೆಂಥಾ ಸ್ತೋತ್ರವೋ?" ಅಂದುಬಿಟ್ಟೆ. ನೀನು ಅರ್ಧಕ್ಕೇ ನಿಲ್ಲಿಸಿ ಸ್ಲೇಟು ಬೋರಲು ಹಾಕಿ ಎದ್ದೋದೆ.

ಈಗ ತಿರುಗಿಸಿ ಓದಿದೆ. "ಯೇಸಪ್ಪಾ, ಕಿವಿ ಉಳಿಸಿದ್ದಕ್ಕೆ ಸ್ತೋತ್ರ. ಅಕ್ಕನ ಬೈಗುಳವಾದ್ರೂ ಕೇಳಿಸ್ತಾ ಇದೆ. ನನಗೆ ಇಷ್ಟು ಸಾಕು. ಅವಳಿಗೆ ಮಾತ್ರ..." ಅಲ್ಲಿಗೇ ನಿಂತಿದೆ.

ದೇವರ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ, ಸುಳ್ಳು ಹೇಳಲ್ಲ. ಆದ್ರೂ ಉಳಿದದ್ದನ್ನ ಬರೆದಿಡು. ಸಂಜೆ ಗಂಜಿ ಆರಿದ್ರೆ ಆರಲಿ, ನಾನೇ ಗಟ್ಟಿಯಾಗಿ ಓದ್ತೀನಿ.

ಅಕ್ಕ