ಕೋಟೆ ಬಾಗಿಲ ರಾಜ

ಜೂನ್ 9, ಸೋಮವಾರ
ಇಂದೂ ಸತ್ತೆ. ಏಳು ಟೇಕ್. ಎಸ್.ಎಸ್. ಬಡಾವಣೆಯ ಸ್ಟುಡಿಯೊ, ಕಿಟಕಿಯೇ ಇಲ್ಲ. ಮೊಬೈಲ್ ಗೇಮಿನ ರಾಜ ನಾನು — ದನಿ ಮಾತ್ರ. ಕೋಟೆ ಬಾಗಿಲಲ್ಲಿ ನಿಂತು ಆಡುವವರನ್ನು ಕೇಳಬೇಕು: "ಎಲೈ ವೀರನೇ! ನನ್ನನ್ನು ಕಾಯುವೆಯೋ, ವೈರಿಗೊಪ್ಪಿಸುವೆಯೋ?" ತೆರೆಯ ಮೇಲೆ ಎರಡು ಬಟನ್. ಆಹಾ, ಎಂಥ ಘಟ್ಟ! ನಾಟಕ ಕಂಪನಿಯ ಡೇರೆಯಲ್ಲೇ ಬೆಳೆದವನು... ಅಲ್ಲಾಗಿದ್ದರೆ ಹಿಂದಿನ ಸಾಲು ಎದ್ದು ನಿಲ್ಲುತ್ತಿತ್ತು.
ಕಾಯುವೆನೆಂದರೆ ಮುಂದೇನು? ಕಥೆ ಬರೆದ ಬಸವಕಿರಣನನ್ನು ಕೇಳಿದೆ.
"ಆಗ್ಲೂ ಸಾಯ್ತೀರಿ ಮಾಸ್ಟ್ರೆ. ಲಕ್ಷ ಜನ ಒಂದೇ ಲೋಕದಾಗ ಆಡ್ತಾರೆ. ಒಬ್ಬಂಗೆ ಬದುಕಿ ಇನ್ನೊಬ್ಬಂಗೆ ಸತ್ರೆ, ಮುಂದಿನ ಯುದ್ಧ ಹೆಂಗೆ ಮಾಡೋದು?"
"ಮತ್ತೆ ಕೇಳೋದು ಯಾಕ?"
"ಕೇಳಿದ್ರೆ ಜನಕ್ಕೆ ಖುಷಿ."

ಜೂನ್ 22, ಮಧ್ಯಾಹ್ನ
ಗೇಮ್ ಬಂತು. ಬಿಲ್ಕೀಸ್ ಮೊಬೈಲಿಗೆ ಹಾಕಿಸಿಕೊಂಡಳು, ಗಂಡನ ದನಿ ಕೇಳಲಿಕ್ಕೆ. ಕಾಯುವೆ — ಒತ್ತಿದಳು. ಸತ್ತೆ. ಮತ್ತೆ ಆಡಿದಳು. ಕಾಯುವೆ. ಸತ್ತೆ. ಈರುಳ್ಳಿ ಹೆಚ್ಚುತ್ತ, ಚಹಾ ಕಾಯಿಸುತ್ತ... ಅಡುಗೆಮನೆಯಲ್ಲಿ ದಿನವಿಡೀ ನನ್ನ ಪ್ರಾಣ ಹೋಗುತ್ತಿದೆ. ಕಂಪನಿಯಲ್ಲಿ ಜನ "ಒನ್ಸ್ ಮೋರ್" ಎಂದರೆ ಹೆಣ ಎದ್ದು ಹಾಡಿ ಮತ್ತೆ ಸಾಯುತ್ತಿತ್ತು. ಅದು ಅವರ ಅಪ್ಪಣೆ! ಇಲ್ಲಿ ಅವಳ ಮಾತು ಯಾರಿಗೆ ಕೇಳುತ್ತದೆ?

ಜುಲೈ 3
ಬಿಲ್ಕೀಸ್ ಈಗ ಯಾವುದನ್ನೂ ಒತ್ತುವುದಿಲ್ಲ! ಪ್ರಶ್ನೆ ಹಾಗೇ ನಿಂತಿದೆ, ರಾಜ ಬದುಕಿದ್ದಾನೆ. ಎಲ್ಲರೂ ಒತ್ತದೆ ಆಟ ಮುಂದೆ ಹೋಗದು; ಜೊತೆಗೆ ಆಡುವವರು ಬಾಗಿಲಲ್ಲಿ ಸಿಕ್ಕಿಕೊಂಡು ಸ್ಪೀಕರಿನಲ್ಲಿ ಕೂಗುತ್ತಾರೆ.
"ಆಂಟಿ, ನಿದ್ದಿ ಬಂತೇನ್ರಿ? ಒತ್ರಿ!"
"ಅಲ್ಲಿ ನಿಂತಿರೋರು ನಮ್ಮ ಯಜಮಾನ್ರು ಕಣಪ್ಪ. ನಿಮ್ಮಪ್ಪ ನಿಂತಿದ್ರೆ ಒತ್ತುತಿದ್ದೆಯೇನು?"
ಬಿದ್ದು ಬಿದ್ದು ನಕ್ಕೆ. ಆಮೇಲೆ ನಗು ಬರಲಿಲ್ಲ. ತೆರೆ ಆರಿದರೆ ಆಟ ಅವಳನ್ನು ಹೊರಗೆ ಹಾಕುತ್ತದೆ, ಉಳಿದವರು ಒತ್ತಿ ರಾಜನನ್ನು ಮುಗಿಸುತ್ತಾರೆ; ಆಗಾಗ ಮುಟ್ಟುತ್ತಿರಬೇಕು. ಅದಕ್ಕೇ ಹರಿಹರಕ್ಕೆ, ತನ್ನ ಅಕ್ಕನ ಮಗಳ ನಿಶ್ಚಿತಾರ್ಥಕ್ಕೂ ಅವಳು ಹೋಗಲಿಲ್ಲ.
"ಬರೀ ಆಟ" ಎಂದೆ.
"ಇರ್ಲಿ. ನನ್ ಕೈಯಿಂದ ಬ್ಯಾಡ."
ಹೋದ ವರ್ಷ ನನ್ನ ಎದೆನೋವಿಗೆ ಐಸಿಯು ಬಾಗಿಲಲ್ಲಿ ಕೂತಿದ್ದಳು. ಆಗ ಯಾರೂ ಅವಳನ್ನು ಏನೂ ಕೇಳಿರಲಿಲ್ಲ.

ಜುಲೈ 11
ಬಸವಕಿರಣನ ಫೋನ್.
"ಬಾಗಿಲ ಹತ್ರ ಭಾಳ ಜನ ಸಿಕ್ಕಾಕ್ಕೊಂಡಾರೆ ಮಾಸ್ಟ್ರೆ. ಟೈಮರ್ ಹಾಕ್ತೀವಿ. ಹತ್ತರಿಂದ ಒಂದಕ್ಕೆ ರಾಜನೇ ಎಣಿಸ್ತಾನೆ. ಅಷ್ಟ್ರಾಗ ಒತ್ಲಿಲ್ಲಾಂದ್ರೆ ಸಾಯ್ತಾನೆ. ನಾಳೆ ಬರ್ರಿ."
"ಎಣಿಸಲಾರೆ!" ಗುಡುಗಿದೆ. ಬೀದಿಯ ನಾಯಿ ಬೊಗಳಿತು.
"ಒಲ್ಲೆ ಅಂದ್ರೂ ನಡೀತೈತ್ರಿ. ನಿಮ್ಮ ದನಿ ನಮ್ಮ ಹತ್ರ ಐತಲ್ಲ, ಕಂಪ್ಯೂಟರ್ ಎಣಿಸ್ತೈತೆ. ನೀವು ಎಣಿಸಿದ್ರೆ ನಿಮ್ಮ ಎಣಿಕೆ ಎಷ್ಟುದ್ದನೋ ಟೈಮ್ ಅಷ್ಟು."
ಕೊಟ್ಟನಲ್ಲಪ್ಪ, ನನಗೂ ಎರಡು ಬಟನ್!

ಜುಲೈ 12, ಬೆಳಿಗ್ಗೆ
ಬಿಲ್ಕೀಸಿಗೆ ಹೇಳಿದೆ. ಮೊಬೈಲಿನಿಂದ ಕಣ್ಣು ಎತ್ತಲಿಲ್ಲ.
"ನೀವೇ ಎಣಿಸ್ರಿ. ಕಂಪ್ಯೂಟರ್ ಆದ್ರೆ ಬೇಗ ಬೇಗ ಎಣಿಸಿಬಿಡ್ತೈತೆ."
ಸ್ಟುಡಿಯೊಗೆ ಹೊರಡುವವರೆಗೆ ತಾಲೀಮು. ಎಣಿಕೆ ಎಂಟಕ್ಕೆ ಬಂದಾಗ ಕೈ ಎತ್ತಿ ತಡೆದಳು.
"ಇನ್ನೂ ನಿಧಾನ ರೀ. ನಡುವೆ ಉಸಿರು ತಗೊಳ್ರಿ."
ತೆಗೆದುಕೊಂಡೆ. ಹತ್ತು...
ಒಂಬ— ಅವಳ ಕೈ ಮತ್ತೆ ಮೇಲೆದ್ದಿತು.